ಸೆಕೆಂಡ್ ಹ್ಯಾಂಡ್ ಹೋಬಿ ಔಟ್‌ಬ್ಯಾಕ್: ಗಾಳ ಹಾಕುವವರಿಗೆ ಪೆಡಲ್ ಕಯಾಕ್ ಬೇಕೇ?

ಹುಟ್ಟು ಹಾಕಿ ಹೋಗುವ ಹತ್ತು ಅಡಿಯ ಸಾದಾ ಕಯಾಕ್ (ಸಣ್ಣ ದೋಣಿ) ಇದೆ, ಮೀನಿನ ರುಚಿ ಹತ್ತಿದೆ, ಈಗ ಪೆಡಲ್ ಇರುವ ದೊಡ್ಡ ಕಯಾಕ್ ಬೇಕು ಅನ್ನಿಸುತ್ತಿದೆ. ಹೊಸದರ ಬೆಲೆ ನೋಡಿದರೆ ಕೈ ಹಿಂದೆ ಬರುತ್ತದೆ. ಹಾಗಾಗಿ ಕಣ್ಣು ಸೆಕೆಂಡ್ ಹ್ಯಾಂಡ್ ಕಡೆಗೆ ಹೋಗುತ್ತದೆ. ಆಸ್ಟಿನ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರು ಈ ಬಗ್ಗೆ ಆಗಾಗ ಕೇಳುತ್ತಾರೆ. ನಾನು ಹೋಬಿ ಕಂಪನಿಯ ಔಟ್‌ಬ್ಯಾಕ್ ಅನ್ನುವ ಪೆಡಲ್ ಕಯಾಕನ್ನು, 2019ರ ಮಾಡೆಲ್, ಮೊದಲ ಮಾಲೀಕರಿಂದ, ಹೊಸದರ ಹೆಚ್ಚುಕಡಿಮೆ ಅರ್ಧ ಬೆಲೆಗೆ ಕೊಂಡೆ. ಕೆಲವು ವರ್ಷಗಳಿಂದ ಟೆಕ್ಸಾಸ್‌ನ ಕೆರೆಗಳಲ್ಲೂ ಕರಾವಳಿಯ ಉಪ್ಪುನೀರಿನಲ್ಲೂ ಬಳಸುತ್ತಿದ್ದೇನೆ. ಗಾಳಿ ಬೀಸುವ ತೆರೆದ ನೀರಿಗೆ ಹೋಗುವವರು ಧೈರ್ಯವಾಗಿ ಕೊಳ್ಳಿ. ಮನೆ ಹತ್ತಿರದ ಸಣ್ಣ ಹೊಳೆಯೇ ಸಾಕು ಅನ್ನುವವರಿಗೆ ಸಾದಾ ಕಯಾಕ್ ಇದಕ್ಕಿಂತ ಒಳ್ಳೆಯದು.

ಯಾಕೆ ಅಂತ ಗೊತ್ತಾಗಬೇಕಾದರೆ ಟೆಕ್ಸಾಸ್ ಕರಾವಳಿಯ ಪೋರ್ಟ್ ಅರಾನ್ಸಸ್ ಹತ್ತಿರದ ಲೈಟ್‌ಹೌಸ್ ಲೇಕ್ಸ್‌ಗೆ ಹೋಗಬೇಕು. ಕಪ್ಪು ಮ್ಯಾಂಗ್ರೋವ್ ಪೊದೆಗಳ ನಡುವೆ ಆಳವಿಲ್ಲದ ಕಾಲುವೆಗಳು, ತಳದಲ್ಲಿ ಹುಲ್ಲು, ಅಲ್ಲಲ್ಲಿ ಸಿಂಪಿಯ ದಿಬ್ಬಗಳು. ಮಧ್ಯಾಹ್ನದ ಹೊತ್ತಿಗೆ ಕೊಲ್ಲಿಯ ಕಡೆಯಿಂದ ಗಾಳಿ ಏಳುತ್ತದೆ. ಹುಟ್ಟು ಹಾಕುವ ಕಯಾಕ್‌ನಲ್ಲಿ ಗಾಳ ಎಸೆಯಲು ಹುಟ್ಟು ಕೆಳಗಿಡಬೇಕು. ಇಟ್ಟ ಕೂಡಲೇ ದೋಣಿ ಜಾರಲು ಶುರು. ಗಾಳ ಎಸೆಯುವುದು, ಹುಟ್ಟು ಎತ್ತುವುದು, ಮತ್ತೆ ಎಸೆಯುವುದು, ಇದರಲ್ಲೇ ಹೊತ್ತು ಕಳೆಯುತ್ತದೆ. ಪೆಡಲ್ ಇದ್ದರೆ ಕಾಲು ನಿಧಾನವಾಗಿ ಆಡಿಸುತ್ತಾ ನಿಂತ ಜಾಗದಲ್ಲೇ ನಿಲ್ಲಬಹುದು. ಎರಡೂ ಕೈ ಗಾಳಕ್ಕೆ. ನನಗೆ ಈ ಒಂದು ಲಾಭಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಹೋಬಿಯವರು ಮಿರಾಜ್‌ಡ್ರೈವ್ ಅನ್ನುವ ಈ ಪೆಡಲ್ ಸಾಧನ ತಂದದ್ದು 1997ರಲ್ಲಿ. ಸೈಕಲ್ ಹಾಗೆ ಕಾಲು ತಿರುಗಿಸುವುದಲ್ಲ, ಒಂದಾದ ಮೇಲೆ ಒಂದು ಕಾಲು ಮುಂದಕ್ಕೆ ಒತ್ತುವುದು. ಒತ್ತಿದಾಗ ತಳದಲ್ಲಿರುವ ಎರಡು ರೆಕ್ಕೆಗಳು ಪೆಂಗ್ವಿನ್ ರೆಕ್ಕೆಯ ಹಾಗೆ ಅತ್ತಿತ್ತ ಬೀಸುತ್ತವೆ. ಒಂದು ಪೆಡಲ್ ಪೂರ್ತಿ ಮುಂದೆ ಒತ್ತಿದರೆ ರೆಕ್ಕೆಗಳು ತಳಕ್ಕೆ ಅಂಟಿಕೊಳ್ಳುತ್ತವೆ. ಹುಲ್ಲಿನ ಮೇಲೆ, ಮೊಣಕಾಲುದ್ದ ನೀರಿನಲ್ಲಿ ಇದು ತುಂಬಾ ಉಪಯೋಗ.

ಹಳೆಯ ಡ್ರೈವ್‌ಗಳು ಮುಂದಕ್ಕೆ ಮಾತ್ರ ಹೋಗುತ್ತವೆ. ಆಮೇಲೆ ಬಂದ ಮಿರಾಜ್‌ಡ್ರೈವ್ 180ರಲ್ಲಿ ಹಗ್ಗ ಎಳೆದರೆ ರಿವರ್ಸ್ ಬೀಳುತ್ತದೆ. 2019ರ ಔಟ್‌ಬ್ಯಾಕ್‌ನಲ್ಲಿ ಇನ್ನೊಂದು ಅನುಕೂಲ ಸೇರಿತು: ರೆಕ್ಕೆ ಏನಕ್ಕಾದರೂ ತಗುಲಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ರಿವರ್ಸ್ ಇಲ್ಲದ ಹಳೆಯದು ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಇಲ್ಲಿನ ಕರಾವಳಿಯ ರೆಡ್‌ಫಿಶ್ ಅನ್ನುವ ಮೀನು ಹಿಡಿಯುವವರು ಅದರ ಆಸೆಗೆ ಬೀಳಬೇಡಿ. ಟೆಕ್ಸಾಸ್‌ನಲ್ಲಿ ಮನೆಗೆ ಒಯ್ಯಬಹುದಾದ ರೆಡ್‌ಫಿಶ್ 20ರಿಂದ 28 ಇಂಚಿನದು. ಆ ಗಾತ್ರದ ಮೀನು ಕಚ್ಚಿದರೆ ದೋಣಿಯನ್ನೇ ಎಳೆದುಕೊಂಡು ಮ್ಯಾಂಗ್ರೋವ್ ಬೇರಿಗೆ ನುಗ್ಗುತ್ತದೆ. ಆಗ ಕೈಯಲ್ಲಿ ಗಾಳ ಹಿಡಿದೇ ಕಾಲಲ್ಲಿ ಹಿಂದೆ ಬರಬೇಕು. (ನಮ್ಮ ಕರಾವಳಿಯ ಹುಳಿ-ಖಾರದ ಮಸಾಲೆಗೆ ಈ ಮೀನು ಹೇಳಿ ಮಾಡಿಸಿದ ಹಾಗಿದೆ. ಕೆಂಪಗಿರುವ ರಕ್ತದ ಭಾಗ ಮಾತ್ರ ಕತ್ತರಿಸಿ ತೆಗೆಯಿರಿ.)

ಇನ್ನು ತೂಕ. ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಈ ಔಟ್‌ಬ್ಯಾಕ್‌ನ ಉದ್ದ 12 ಅಡಿ 9 ಇಂಚು, ಅಗಲ 34 ಇಂಚು. ಸೀಟು, ಡ್ರೈವ್ ಎಲ್ಲಾ ಸೇರಿ 103 ಪೌಂಡ್, ಅಂದರೆ ಸುಮಾರು 47 ಕೆ.ಜಿ. ಅವನ್ನು ತೆಗೆದರೂ 85 ಪೌಂಡ್ ಉಳಿಯುತ್ತದೆ. ಕಾರಿನ ತಲೆ ಮೇಲೆ ಒಬ್ಬರೇ ಎತ್ತಿ ಹಾಕುವುದು ಕಷ್ಟ. ನಾನು ಸಣ್ಣ ಟ್ರೇಲರ್ ಬಳಸುತ್ತೇನೆ, ಅದನ್ನು ಇಡಲು ಗ್ಯಾರೇಜ್ ಇದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಇದನ್ನು ಎಲ್ಲಿಡುತ್ತೀರಿ, ಯಾರು ಎತ್ತಿ ಕೊಡುತ್ತಾರೆ ಅಂತ ತೀರ್ಮಾನ ಮಾಡಿಕೊಂಡೇ ಮಾರುವವರಿಗೆ ಫೋನ್ ಮಾಡಿ. ಆಫೀಸು ಮುಗಿಸಿ ಸಂಜೆ ಸುಮ್ನೆ ಒಂದು ಗಂಟೆ ಗಾಳ ಹಾಕಲು ನಾನು ಈಗಲೂ ಹಳೆಯ ಸಾದಾ ಕಯಾಕನ್ನೇ ಒಯ್ಯುತ್ತೇನೆ. ಅದನ್ನು ಮಾರದೆ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು.

ನೋಡಲು ಹೋದಾಗ ಮೊದಲು ದೋಣಿಯನ್ನು ಬೋರಲು ಹಾಕಿಸಿ. ಗೀರುಗಳಿಗೆ ಹೆದರಬೇಡಿ, ಸಿಂಪಿ ಇರುವ ನೀರಿಗೆ ಇಳಿದ ಯಾವ ಕಯಾಕ್‌ಗೂ ಗೀರು ಇದ್ದೇ ಇರುತ್ತದೆ. ಬಿರುಕು ನೋಡಿ. ಮುಖ್ಯವಾಗಿ ನೀರು ಇಳಿದುಹೋಗುವ ಸ್ಕಪ್ಪರ್ ತೂತುಗಳ ಅಂಚು. ಕೆಲವು ತಳ್ಳುಗಾಡಿಗಳ ಕಂಬಿ ಈ ತೂತುಗಳೊಳಗೇ ಕೂರುತ್ತದೆ, ದೋಣಿಯ ಭಾರವೆಲ್ಲ ಅಲ್ಲಿ ಬೀಳುತ್ತದೆ. ಸಾಮಾನು ತುಂಬಿಕೊಂಡು ಕಲ್ಲುದಾರಿಯಲ್ಲಿ ಎಳೆದರೆ ಬಿರುಕು ಬಿಡುವುದು ಇಲ್ಲೇ. ಆಮೇಲೆ ಡ್ರೈವ್ ಕೂರುವ ಗೂಡಿನ ಮೂಲೆಗಳು, ನೆಲದ ಮೇಲೆ ಎಳೆದು ಸವೆದ ಹಿಂತುದಿ. ಕತ್ತಲಾದ ಮೇಲೆ ಹ್ಯಾಚ್ ತೆಗೆದು ಒಳಗೆ ಟಾರ್ಚ್ ಹಚ್ಚಿಟ್ಟರೆ ಬಿರುಕಿದ್ದ ಕಡೆ ಬೆಳಕಿನ ಗೆರೆ ಹೊರಗೆ ಕಾಣುತ್ತದೆ. ಇದು ಪಾಲಿಎಥಿಲೀನ್ ಪ್ಲಾಸ್ಟಿಕ್, ಮಾಮೂಲಿ ಅಂಟು ಹಿಡಿಯುವುದಿಲ್ಲ. ಕಾಯಿಸಿ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಬೇಕು. ಹಾಗಾಗಿ ಯಾರಾದರೂ ಎಪಾಕ್ಸಿ ಅಂಟು ಮೆತ್ತಿದ್ದು ಕಂಡರೆ ನಾನು ಅಲ್ಲಿಂದಲೇ ವಾಪಸ್. ನೆಗ್ಗು ಬೇರೆ ವಿಷಯ. ಪಟ್ಟಿಯಲ್ಲಿ ನೇತುಹಾಕಿ ಬಿದ್ದ ನೆಗ್ಗು ಬಿಸಿಲಿಗೆ ಇಟ್ಟರೆ ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಬಣ್ಣ ಪೂರ್ತಿ ಬಿಳಚಿ, ಉಜ್ಜಿದರೆ ಪುಡಿ ಬರುವ ದೋಣಿ ಮಾತ್ರ ಬೇಡ. ಅದು ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದಿರುತ್ತದೆ.

ಡ್ರೈವ್ ಹೊರಗೆ ತೆಗೆಸಿ ಎರಡೂ ರೆಕ್ಕೆಗಳ ಕಂಬಿ ನೆಟ್ಟಗಿದೆಯಾ ನೋಡಿ. ಕೇಬಲ್, ಸರಪಳಿ ಸಡಿಲ ಇದೆಯಾ ಕೈಯಲ್ಲಿ ಎಳೆದು ನೋಡಿ. ಚುಕ್ಕಾಣಿಯ ಹಗ್ಗ ಎಳೆ ಬಿಟ್ಟಿರಬಹುದು. ನನ್ನದರಲ್ಲಿ ಬಿಟ್ಟಿತ್ತು, ಅದನ್ನು ತೋರಿಸಿ ಸ್ವಲ್ಪ ಬೆಲೆ ಇಳಿಸಿಕೊಂಡೆ. ಹಗ್ಗ ಬದಲಾಯಿಸುವುದು ಮನೆಯಲ್ಲೇ ಆಗುವ ಕೆಲಸ. ಆಮೇಲೆ ನೀರಿಗಿಳಿಸಿ ಅರ್ಧ ಗಂಟೆ ಓಡಿಸಿ, ದಡಕ್ಕೆ ತಂದು, ಒಳಗೆ ಸೇರಿದ ನೀರು ಹೊರಬಿಡುವ ಹಿಂದಿನ ಬಿರಡೆ ಬಿಚ್ಚಿ. ನಾಲ್ಕು ಚಮಚ ನೀರು ಬಂದರೆ ಪರವಾಗಿಲ್ಲ, ಚೊಂಬು ತುಂಬುವಷ್ಟು ಬಂದರೆ ಬೇಡ ಅನ್ನಿ. ಮಾರುವವರು ಇದಕ್ಕೆ ಒಪ್ಪದಿದ್ದರೂ ಬೇಡ ಅನ್ನಿ.

ಹಿಂಬದಿಯ ಬಲಗಡೆ 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದರ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ‘ಎರಡೇ ವರ್ಷ ಹಳೆಯದು’ ಅನ್ನುವ ಮಾತನ್ನು ಅಲ್ಲೇ ತಾಳೆ ನೋಡಬಹುದು. ಅದೇ ಸಂಖ್ಯೆ ಬರೆದ ರಸೀದಿಗೆ ಸಹಿ ಹಾಕಿಸಿಕೊಳ್ಳಿ, ಕಳವಿನ ಮಾಲು ಕೈಸೇರಬಾರದು ಅಲ್ವಾ.

ಕೊಂಡ ಮೇಲಿನ ಆರೈಕೆ ದೊಡ್ಡದೇನಲ್ಲ. ಉಪ್ಪುನೀರಿಂದ ಬಂದ ದಿನವೇ ಡ್ರೈವ್, ಚುಕ್ಕಾಣಿ ಎಲ್ಲಾ ಸಿಹಿನೀರಲ್ಲಿ ತೊಳೆಯಬೇಕು. ಇದನ್ನು ನಾನು ಯಾವತ್ತೂ ನಾಳೆಗೆ ಬಿಡುವುದಿಲ್ಲ. ನೆರಳಲ್ಲಿ, ಅಗಲವಾದ ಆಸರೆ ಕೊಟ್ಟು ಇಡಬೇಕು. ಟೆಕ್ಸಾಸ್‌ನಲ್ಲಿ ಮೋಟಾರ್ ಇಲ್ಲದ ಕಯಾಕ್‌ಗೆ ನೋಂದಣಿ ಬೇಕಿಲ್ಲ. ಬ್ಯಾಟರಿಯಲ್ಲಿ ಓಡುವ ಸಣ್ಣ ಟ್ರೋಲಿಂಗ್ ಮೋಟಾರ್ ಕಟ್ಟಿದರೂ ನೋಂದಣಿ ಬೇಕು. ಮೀನು ಹಿಡಿಯುವ ಲೈಸೆನ್ಸ್ ಬೇರೆ, ಕಡಲಿನ ಕಡೆ ಹೋದರೆ ಅದಕ್ಕೆ ಉಪ್ಪುನೀರಿನ ಅನುಮತಿಯನ್ನೂ ಸೇರಿಸಿಕೊಳ್ಳಬೇಕು.

ಮಾರುವವರು ಹುಟ್ಟು, ತಳ್ಳುಗಾಡಿ, ಗಾಳದ ಸ್ಟ್ಯಾಂಡ್ ಜೊತೆಗೆ ಕೊಟ್ಟರೆ ಖುಷಿಯಿಂದ ತೆಗೆದುಕೊಳ್ಳಿ. ಲೈಫ್ ಜಾಕೆಟ್ ಮಾತ್ರ ನಿಮ್ಮ ಅಳತೆಗೆ ಹೊಸದೇ ಕೊಳ್ಳಿ. ಬೆನ್ನಿನ ಕೆಳಭಾಗದಲ್ಲಿ ದಪ್ಪ ಫೋಮ್ ಇಲ್ಲದ, ಕಯಾಕ್‌ಗೆಂದೇ ಮಾಡಿದ ಜಾಕೆಟ್ ಆದರೆ ಈ ಎತ್ತರದ ಸೀಟಿಗೆ ಒರಗಿದಾಗ ಒತ್ತುವುದಿಲ್ಲ, ದಿನವಿಡೀ ಮೈಮೇಲೇ ಇರುತ್ತದೆ.