ಟಿಪ್ ಸೇರಿದ ಟಿಕೆಟ್ಟೋ, ದಿನಾ ಬಿಲ್ಲಿಗೆ ಹತ್ತುವ ಟಿಪ್ಪೋ: ಎರಡು ಹಡಗು ಹತ್ತಿಳಿದ ಮೇಲೆ

ಮತ್ತೊಮ್ಮೆ ಕ್ರೂಸ್‌ಗೆ ಹೋಗುವುದಾದರೆ ಟಿಪ್ ಟಿಕೆಟ್ಟಿನಲ್ಲೇ ಸೇರಿರುವ ಹಡಗನ್ನೇ ಹತ್ತುತ್ತೇನೆ. 2023ರಲ್ಲಿ ಫ್ಲಾರಿಡಾದ ಅಕ್ಕನ ಮನೆಗೆ ಹೋದಾಗ ಮಯಾಮಿಯಿಂದ ಕೆರಿಬಿಯನ್ ಕಡೆಗೆ 7 ರಾತ್ರಿ ಹೋಗಿದ್ದೆವು. ತಮ್ಮ ಇಂಗ್ಲೆಂಡಿನಲ್ಲಿದ್ದಾನೆ, ಹಾಗಾಗಿ ಕಳೆದ ವರ್ಷ ಸೌತಾಂಪ್ಟನ್‌ನಿಂದ ನಾರ್ವೆಗೆ 7 ರಾತ್ರಿ. ಎರಡೂ ಸಲ ನಾನು, ಯಜಮಾನರು, ಇಬ್ಬರು ಮಕ್ಕಳು. ಈಜುಕೊಳ, ಷೋಗಳ ಮಾತು ಬೇಡ, ಎರಡರಲ್ಲೂ ಧಾರಾಳವಾಗಿದ್ದವು.

ಮಯಾಮಿಯ ಹಡಗಿನಲ್ಲಿ ಆಗ ಟಿಪ್ ತಲೆಗೆ ದಿನಕ್ಕೆ 16 ಡಾಲರ್, ತಾನಾಗಿಯೇ ಬಿಲ್ಲಿಗೆ ಹತ್ತುತ್ತಿತ್ತು. ಮಕ್ಕಳಿಗೂ ಅಷ್ಟೇ. ನಾಲ್ವರಿಗೆ 448 ಡಾಲರ್, ಆಗಿನ ಲೆಕ್ಕದಲ್ಲಿ 37,000 ರೂಪಾಯಿ. ಟಿಕೆಟ್ ಅಗ್ಗ ಎಂದು ಖುಷಿಪಟ್ಟದ್ದೆಲ್ಲ ಅಲ್ಲಿಗೆ ಕರಗಿತು.

ಅದಾದರೂ ಮೊದಲೇ ಗೊತ್ತಿತ್ತು. ನನ್ನ ನೆಮ್ಮದಿ ಕೆಡಿಸಿದ್ದು ಬಾರಿನ ಚೀಟಿ. ಮಗಳಿಗೆ 4 ಡಾಲರಿನ ಸೋಡಾ ತೆಗೆದುಕೊಂಡರೆ ಶೇ. 18 ಟಿಪ್ ಸೇರಿ 4.72 ಆಗುತ್ತಿತ್ತು. ಅದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದರ ಕೆಳಗೆ ಸಹಿಯ ಪಕ್ಕದಲ್ಲಿ ಮತ್ತೊಂದು ಖಾಲಿ ಗೆರೆ, ‘ಹೆಚ್ಚುವರಿ ಟಿಪ್’ ಎಂದು. ಚೀಟಿ ಕೊಟ್ಟ ಹುಡುಗ ಪೆನ್ನು ಹಿಡಿದು ಎದುರಿಗೇ ನಿಂತಿರುತ್ತಾನೆ. ಖಾಲಿ ಬಿಡಲು ಯಜಮಾನರಿಗೆ ಸಂಕೋಚ, ಪ್ರತಿ ಸಲವೂ 2 ಡಾಲರ್ ಬರೆದುಬಿಟ್ಟರು. ಟಿಪ್ ಆಗಲೇ ಸೇರಿದೆಯೆಂದು ನಾವು ನೋಡಿಕೊಂಡಿದ್ದು ಐದನೆಯ ದಿನ, ಅಷ್ಟರಲ್ಲಿ 23 ಚೀಟಿಗಳಾಗಿದ್ದವು.

ದಿನದ ಟಿಪ್ಪನ್ನಾದರೂ ಕಡಿಮೆ ಮಾಡಿಸೋಣವೆಂದು ಕೌಂಟರಿಗೆ ಹೊರಟಿದ್ದೆ. ಕೇಳಿದರೆ ಕಡಿಮೆ ಮಾಡುತ್ತಾರೆ, ಅದಕ್ಕೆ ಅವಕಾಶವಿದೆ. ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದವನು ಕಾಪು ಕಡೆಯ ಹುಡುಗ, ನಮ್ಮ ಕನ್ನಡ ಕೇಳಿ ಮೊದಲ ದಿನವೇ ಮಾತಿಗೆ ನಿಂತವನು. ಅವನನ್ನೇ ಕೇಳಿದೆ. “ತೆಗೆಸ್ಬೇಡಿ ಅಕ್ಕ. ಅದು ನನಗೊಬ್ಬನಿಗೆ ಅಲ್ಲ, ಅಡುಗೆಮನೆಯವರಿಗೂ ಲಾಂಡ್ರಿಯವರಿಗೂ ಹಂಚಿ ಹೋಗ್ತದೆ. ತೆಗೆಸಿದ್ರೆ ನೀವು ಕೈಗೆ ಕೊಟ್ಟದ್ದನ್ನೂ ನಾನು ಒಪ್ಪಿಸ್ಬೇಕಾಗ್ತದೆ,” ಎಂದ. ಒಂಬತ್ತು ತಿಂಗಳು ಮನೆ ಬಿಟ್ಟು ದುಡಿಯುವ ಹುಡುಗ. ಅವನ ಬಾಯಲ್ಲಿ ಈ ಮಾತು ಬರುವಂತೆ ಮಾಡಿದ ವ್ಯವಸ್ಥೆಯ ಮೇಲೆ ನನಗೆ ಸಿಟ್ಟು ಬಂತು. ಸಂಬಳ ಕೊಡಬೇಕಾದದ್ದು ಕಂಪನಿ. ಅದನ್ನು ಪ್ರಯಾಣಿಕರ ದಾಕ್ಷಿಣ್ಯಕ್ಕೆ ಬಿಟ್ಟರೆ ಹೇಗೆ? ಕೌಂಟರಿಗೆ ಹೋಗಲಿಲ್ಲ.

ಸೇವೆಯಲ್ಲಿ ಅಲ್ಲಿ ಕೊರತೆಯಿರಲಿಲ್ಲ. ಮಂಚದ ಮೇಲೆ ಟವೆಲ್ ಮಡಚಿ ಆನೆ ಮಾಡಿಟ್ಟಿರುತ್ತಿದ್ದರು. ಆದರೆ ಕೊನೆಯ ಎರಡು ದಿನ ಊಟದ ಮೇಜಿನಲ್ಲಿ “ಅಭಿಪ್ರಾಯ ಕೇಳುವ ಸರ್ವೆಯಲ್ಲಿ 10 ಅಂಕ ಕೊಡಿ, ನಮ್ಮ ಹೆಸರು ಬರೆಯಿರಿ” ಎಂಬ ಬೇಡಿಕೆ ಕೇಳಿ ಕೇಳಿ ಸಾಕಾಯಿತು.

ನಾರ್ವೆಗೆ ಹೋದ ಹಡಗಿನಲ್ಲಿ ಇದ್ಯಾವುದೂ ಇರಲಿಲ್ಲ. ಬ್ರಿಟನ್ನಿನ ಕ್ರೂಸ್ ಕಂಪನಿ ಪಿ ಅಂಡ್ ಓ 2019ರಿಂದ ದಿನದ ಟಿಪ್ ವಸೂಲಿ ನಿಲ್ಲಿಸಿ ಟಿಕೆಟ್ ದರದಲ್ಲೇ ಸೇರಿಸಿದೆ, ಇನ್ನೊಂದು ಕಂಪನಿ ವರ್ಜಿನ್ ವಾಯೇಜಸ್ ಕೂಡ 2025ರವರೆಗೆ ಟಿಪ್ ಸೇರಿಸಿಯೇ ದರ ಹೇಳುತ್ತಿತ್ತು. ನಾವು ಹತ್ತಿದ್ದೂ ಇಂಥದ್ದೇ ಹಡಗು. ಕಾಫಿ ಬರಲು ಹತ್ತು ನಿಮಿಷ ಹೆಚ್ಚಾಗುತ್ತಿತ್ತು, ಟವೆಲ್ ಆನೆ ಇರಲಿಲ್ಲ, ಮಗ ಎರಡು ದಿನ ಕೇಳಿದ. ಆದರೆ ಈರುಳ್ಳಿ ಬೇಡ ಎಂದು ಮೊದಲ ರಾತ್ರಿ ಹೇಳಿದ್ದನ್ನು ಬಡಿಸುವ ಹೆಂಗಸು ಕೊನೆಯವರೆಗೂ ನೆನಪಿಟ್ಟುಕೊಂಡಿದ್ದಳು, ಅದೂ ಯಾವ ಚೀಟಿಯನ್ನೂ ಮುಂದಿಡದೆ. ಇಳಿಯುವ ದಿನದ ಬಿಲ್ಲಿನಲ್ಲಿ ನಮ್ಮ ಕಾಫಿ, ಮಕ್ಕಳ ಐಸ್‌ಕ್ರೀಂ, ಓಲ್ಡನ್‌ನಲ್ಲಿ ಹಿಮನದಿ ನೋಡಲು ಹೋದ ಖರ್ಚು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಮನೆ ಖರ್ಚನ್ನೆಲ್ಲ ಡೈರಿಯಲ್ಲಿ ಬರೆದಿಡುವವಳು. ಹೊರಡುವ ಮೊದಲೇ ಮೊತ್ತ ಗೊತ್ತಿದ್ದರೆ ಟಿಕೆಟ್ಟಿಗೆ 30,000 ಹೆಚ್ಚಾದರೂ ನನಗೆ ಅದೇ ಸರಿ. ಅಮೆರಿಕದಿಂದಲೇ ಹೊರಡುವವರು ಬುಕಿಂಗ್ ಸಮಯದಲ್ಲೇ ದಿನದ ಟಿಪ್ ಕಟ್ಟಿಬಿಡಿ. ಬಾರಿನ ಚೀಟಿಯ ಆ ಖಾಲಿ ಗೆರೆಯ ಮೇಲೆ ಒಂದು ಅಡ್ಡಗೆರೆ ಎಳೆದು ಸಹಿ ಮಾಡಿ.