ನಾಲ್ವಡಿಯವರ ಸಹಿ ಇರುವ ಬೆಳ್ಳಿ ಫ್ರೇಮ್ ಅಂತ ಯಾರಾದರೂ ತೋರಿಸಿದರೆ, ಮೊದಲು ಹಿಂದೆ ತಿರುಗಿಸಿ ನೋಡಿ

ಮೈಸೂರಿನವರ ಮುಂದೆ ನಾಲ್ವಡಿ ಅಂದರೆ ಸಾಕು, ಮನಸ್ಸು ಕರಗಿಬಿಡುತ್ತದೆ. ನನ್ನದೂ ಕರಗಿತು. ಅದಕ್ಕೆ ತೆತ್ತ ದಂಡ 62,000 ರೂಪಾಯಿ.

ಹಳೆ ನಾಣ್ಯ, ಗಡಿಯಾರ ಮಾರುವ ಒಬ್ಬರು ನನಗೆ ಪರಿಚಯ. ಹೆಸರು ಬೇಡ. ಅವರು ಒಂದು ದಿನ ಫೋನ್ ಮಾಡಿ, "ಸಾರ್, ನಿಮಗೇ ಅಂತ ಒಂದು ಐಟಂ ಎತ್ತಿಟ್ಟಿದ್ದೀನಿ" ಅಂದರು. ಹೋಗಿ ನೋಡಿದರೆ ಮೊಳಕ್ಕೆ ಸ್ವಲ್ಪ ಕಮ್ಮಿ ಎತ್ತರದ ಬೆಳ್ಳಿ ಫ್ರೇಮ್, ಮೇಲೆ ಪುಟ್ಟ ಗಂಡಭೇರುಂಡ. ಒಳಗೆ ದರ್ಬಾರು ಪೋಷಾಕಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್. ಕೆಳಗೆ ಇಂಗ್ಲಿಷಿನಲ್ಲಿ ಸಹಿ, ಪಕ್ಕದಲ್ಲಿ 8-8-1927.

ಆ ತಾರೀಕೇ ನನ್ನನ್ನು ಕೆಡಿಸಿದ್ದು. ಮಹಾರಾಜರಿಗೆ ಪೂರ್ಣ ಅಧಿಕಾರ ಬಂದದ್ದು 1902ರ ಆಗಸ್ಟ್ 8ಕ್ಕೆ. ಲೆಕ್ಕ ಹಾಕಿದರೆ 1927 ಬೆಳ್ಳಿ ಹಬ್ಬದ ವರ್ಷ. ಬಂದ ಗಣ್ಯರಿಗೆ ಸಹಿ ಹಾಕಿದ ಫೋಟೋವನ್ನು ಒಳ್ಳೆ ಫ್ರೇಮಿನಲ್ಲಿಟ್ಟು ಕೊಡುವುದು ಆಗಿನ ರಾಜಮನೆತನಗಳ ರೂಢಿ. ಎಲ್ಲಾ ಸರಿಯಾಗಿ ಕೂತಿತು. ತೀರಾ ಸರಿಯಾಗಿ ಕೂತಿತು ಅಂತ ಆಗಲೇ ಅನ್ನಿಸಬೇಕಿತ್ತು, ಅಲ್ವಾ?

"ಒಂದು ಕೆಜಿ ಹತ್ತಿರ ತೂಗುತ್ತೆ ಸಾರ್. ಬೆಳ್ಳಿ ರೇಟಿಗೇ ಗಿಟ್ಟುತ್ತೆ, ಫೋಟೋ ಪುಕ್ಕಟೆ ಅಂದ್ಕೊಳ್ಳಿ" ಅಂದರು. ಬುಡದಲ್ಲಿ ನಾಲ್ಕು ಪುಟಾಣಿ ಇಂಗ್ಲಿಷ್ ಅಕ್ಷರ ಒತ್ತಿತ್ತು: ಇ, ಪಿ, ಎನ್, ಎಸ್. ಇದೇನು ಅಂದೆ. ಅರಮನೆ ಸ್ಟಾಂಪು ಅಂದರು. ನಾನು ತಲೆ ಆಡಿಸಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ನಗು ಬಂದ ಮೇಲೆ ಹೊಟ್ಟೆ ಉರಿಯುತ್ತದೆ.

ಬಿಲ್ ಕೇಳಿದೆ. "ಪುರಾತನ ವಸ್ತು ಸಾರ್, ಬಿಲ್ ಬರೆದರೆ ಇಬ್ಬರಿಗೂ ತೊಂದರೆ" ಅಂದರು. ಇದು ಶುದ್ಧ ಬುರುಡೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಇಂಥದ್ದು ಪುರಾತನ ಅನ್ನಿಸಿಕೊಳ್ಳಲು ನೂರು ವರ್ಷ ಆಗಿರಬೇಕು. ಅವರದೇ ತಾರೀಕು ಹಿಡಿದರೂ ನಾನು ಕೊಂಡಾಗ ನೂರು ತುಂಬಿರಲಿಲ್ಲ. ನೂರು ದಾಟಿದ್ದನ್ನು ಮಾರುವವರಿಗೆ ಲೈಸೆನ್ಸ್ ಬೇಕು, ಬಿಲ್ ಕೊಡಬಾರದು ಅಂತೇನಿಲ್ಲ. ಇದೆಲ್ಲ ನಾನು ಓದಿದ್ದು ದುಡ್ಡು ಎಣಿಸಿಕೊಟ್ಟ ಮೇಲೆ.

ಮನೆಗೆ ತಂದು ಶೋಕೇಸಿನಲ್ಲಿಟ್ಟೆ. ಹೆಂಡತಿ ಒರೆಸುವಾಗ, "ರೀ, ಇದರ ಹಿಂದೆ ಸ್ಟಾರ್ ಸ್ಕ್ರೂ ಇದೆ" ಅಂದಳು. ನೋಡಿದೆ. ಮಾಸಿದ ವೆಲ್ವೆಟ್ ಬಟ್ಟೆ, ನಾಲ್ಕು ಮೂಲೆಗೆ ನಾಲ್ಕು ಸ್ಟಾರ್ ಸ್ಕ್ರೂ. ಆ ಸ್ಕ್ರೂ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. ಯಾರೋ ರಿಪೇರಿ ಮಾಡಿಸಿರಬೇಕು ಅಂತ ಸಮಾಧಾನ ಹೇಳಿಕೊಂಡೆ. ದುಡ್ಡು ಕೊಟ್ಟವನಿಗೆ ಸಮಾಧಾನಕ್ಕೆ ಬರವಿಲ್ಲ.

ಅದನ್ನೂ ಮುಗಿಸಿದವಳು ಮಗಳು. ಗಂಡಭೇರುಂಡದ ಫೋಟೋ ತೆಗೆದು ಮೊಬೈಲಿನಲ್ಲಿ ದೊಡ್ಡದು ಮಾಡಿ, "ಅಪ್ಪ, ಇದರ ತಲೆ ಮೇಲೆ ಸಿಂಹ ಯಾಕಿದೆ?" ಅಂದಳು. ಹೆಬ್ಬೆರಳಿನಷ್ಟು ಜಾಗದಲ್ಲಿ ಎರಡು ಗಜಕೇಸರಿ, ನಡುವೆ ಗಂಡಭೇರುಂಡ, ಅದರ ಮೇಲೆ ಸಾಕ್ಷಾತ್ ಅಶೋಕ ಸ್ತಂಭದ ಸಿಂಹಗಳು! ಅದು ಒಡೆಯರ ಲಾಂಛನ ಅಲ್ಲ, ಕರ್ನಾಟಕ ಸರ್ಕಾರದ್ದು. ಅಶೋಕ ಸಿಂಹ ದೇಶದ ಲಾಂಛನ ಆದದ್ದು 1950ರಲ್ಲಿ. ಮಹಾರಾಜರು ತೀರಿಕೊಂಡದ್ದು 1940ರಲ್ಲಿ. ಯಾವುದೋ ಸರ್ಕಾರಿ ಕಾಗದ ನೋಡಿ ಅಚ್ಚು ತೆಗೆದು ಅಂಟಿಸಿದ್ದಾರೆ. ನಾನೂ ಆ ಚಿತ್ರವನ್ನು ದಿನಾ ನೋಡುವವನೇ.

ಮಾರನೇ ದಿನ ಅಶೋಕ ರಸ್ತೆಯ ಒಬ್ಬ ಅಕ್ಕಸಾಲಿಗಳ ಹತ್ತಿರ ಒಯ್ದೆ. ಅವರು ಒರೆಗಲ್ಲಿಗೂ ಕೈ ಹಾಕಲಿಲ್ಲ. ಬುಡ ನೋಡಿ, "ಸ್ವಾಮಿ, ಇದು ಜರ್ಮನ್ ಸಿಲ್ವರ್, ಮೇಲೆ ಬೆಳ್ಳಿ ನೀರು ಅಷ್ಟೇ" ಅಂದರು. ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹ. ಅದಕ್ಕೆ ಬೆಳ್ಳಿ ಲೇಪ ಕೊಟ್ಟಾಗ ಒತ್ತುವುದೇ ಆ ನಾಲ್ಕು ಅಕ್ಷರ. ನಿಜವಾದ ಇಂಗ್ಲಿಷ್ ಬೆಳ್ಳಿಯಾದರೆ ಸಾಮಾನ್ಯವಾಗಿ ನಡೆಯುವ ಸಿಂಹದ ಮುದ್ರೆ ಇರುತ್ತದೆ.

ಅಲ್ಲೇ ಫ್ರೇಮ್ ಬಿಚ್ಚಿಸಿದೆ. ಅವರ ಭೂತಗನ್ನಡಿ ಹಿಡಿದರೆ ಫೋಟೋ ತುಂಬಾ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು. ಸಹಿಯಲ್ಲೂ ಅವೇ ಚುಕ್ಕೆ. ಪೆನ್ನಿನಲ್ಲಿ ಬರೆದಿದ್ದರೆ ಶಾಯಿ ಚಿತ್ರದ ಮೇಲೆ ಕೂತಿರಬೇಕು. ಓರೆ ಬೆಳಕಿನಲ್ಲಿ ನೋಡಿದರೆ ಗೀಟು ಬೇರೆಯಾಗಿ ಕಾಣುತ್ತದೆ, ಒತ್ತಿದ ಕಡೆ ದಪ್ಪ, ಎಳೆದ ಕಡೆ ತೆಳು. ಇಲ್ಲಿ ಫೋಟೋ, ಸಹಿ, ಹಳದಿ ಕಲೆ ಎಲ್ಲಾ ಒಂದೇ ಪ್ರಿಂಟು. ಕಲೆಯನ್ನೂ ಪ್ರಿಂಟ್ ಮಾಡಿದ್ದಾರೆ ಮಹಾನುಭಾವರು!

ವಾಪಸ್ ಹೋಗಿ ಕೇಳಿದರೆ, "ನಾನೂ ಇನ್ನೊಬ್ಬರಿಂದ ತಂದಿದ್ದು ಸಾರ್, ನೀವೇ ನೋಡಿ ತಗೊಂಡ್ರಲ್ಲ" ಅಂದರು. ಆ ಮಾತು ಸುಳ್ಳಲ್ಲ. ಠಾಣೆಗೆ ದೂರು ಕೊಟ್ಟಿದ್ದೇನೆ. ಬಿಲ್ ಎಲ್ಲಿ ಅಂತ ಕೇಳಿದರು, ಮುಂಗಡ ಕಳಿಸಿದ 10,000 ರೂಪಾಯಿಯ ಯುಪಿಐ ರಸೀದಿ ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ. ಮಿಕ್ಕಿದ್ದೆಲ್ಲ ನಗದು.

ಇದನ್ನು ಬರೆಯಬೇಕು ಅನ್ನಿಸಿದ್ದು ಹೋದ ವಾರ. ಸ್ನೇಹಿತನೊಬ್ಬ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿ, ತಗೋಬಹುದಾ ಅಂತ ಕೇಳಿದ. ಅದೇ ಫ್ರೇಮು, ಅದೇ 8-8-1927. ಸಹಿಯ ಕೊನೆಯ ಬಾಲ ನನ್ನದರಲ್ಲಿ ತಿರುಗಿದ ಕಡೆಯೇ ಅಲ್ಲೂ ತಿರುಗಿದೆ, ಕೂದಲೆಳೆ ವ್ಯತ್ಯಾಸ ಇಲ್ಲ. ಎರಡು ಸಲ ಕೈಯಲ್ಲಿ ಹಾಕಿದ ಸಹಿ ಹೀಗೆ ಬರಲು ಸಾಧ್ಯವೇ ಇಲ್ಲ. ಬೆಲೆ ಮಾತ್ರ 55,000ಕ್ಕೆ ಇಳಿದಿದೆ. ಹಿಂಬದಿಯ ಸ್ಕ್ರೂ ಕಾಣುವ ಹಾಗೆ ಒಂದು ಫೋಟೋ ಕೇಳು ಅಂದೆ. ಕೇಳಿದ್ದಾನೆ. ಆ ಕಡೆಯಿಂದ ಇನ್ನೂ ಬಂದಿಲ್ಲ.