ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ನೋವಿಲ್ಲವೆಂದು ಸುಮ್ಮನಿರಬೇಡಿ

ಶಿರಾ, ಪಾವಗಡದ ಕಡೆ ಯಾವ ಹೊಲದ ಬದುವಿಗೆ ಹೋದರೂ ಎಕ್ಕದ ಗಿಡ ಸಿಗುತ್ತದೆ. ರಥಸಪ್ತಮಿಗೆ ಅದರ ಎಲೆಯನ್ನು ತಲೆ, ಭುಜದ ಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವೆ. ಮಂಡಿ ಹಿಡಿದುಕೊಂಡರೆ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟುತ್ತೇವೆ. ಎಲೆಯ ಬಗ್ಗೆ ನನ್ನ ತಕರಾರಿಲ್ಲ, ಹಾಲಿನ ಬಗ್ಗೆ ಇದೆ.

ಕಡಲೆಕಾಯಿ ಕೀಳುವಾಗ ನಮ್ಮ ಚಿಕ್ಕಪ್ಪನ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿಯಿತು. ಮುಳ್ಳು ಮೇಲೆ ಬರಲೆಂದು ಎಕ್ಕದ ಹಾಲು ಬಿಡುವುದು ನಮ್ಮಲ್ಲಿ ವಾಡಿಕೆ. ಕುಡಿ ಚಿವುಟಿದ್ದೇ ತಡ, ಒಂದು ಹನಿ ಬಲಗಣ್ಣಿಗೆ ಸಿಡಿಯಿತು. ಟವೆಲಿನಿಂದ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು. ಸಂಜೆ ವಿಚಾರಿಸಿದರೆ, "ಉರಿಯಿಲ್ಲ, ನೋವಿಲ್ಲ, ಏನಾಗುತ್ತದೆ ಬಿಡಮ್ಮ" ಎಂದರು. ರಾತ್ರಿ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣಿಸತೊಡಗಿತು. ಪಕ್ಕದ ಮನೆಯ ಅಜ್ಜಿ ಎದೆಹಾಲು ಬಿಡಿಸಿ ಎಂದರು. ಮೆಡಿಕಲ್ ಅಂಗಡಿಯವನಂತೂ ಕಣ್ಣಿಗೆ ಏನು ಬಿತ್ತೆಂದು ಕೂಡ ಕೇಳದೆ ಹನಿ ಔಷಧ ಕಟ್ಟಿಕೊಟ್ಟ. ಬೆಳಗ್ಗೆ ಎಡಗಣ್ಣು ಮುಚ್ಚಿಕೊಂಡರೆ ಅವರಿಗೆ ಎದುರಿಗಿದ್ದ ನನ್ನ ಗುರುತೇ ಹತ್ತಲಿಲ್ಲ.

ತುಮಕೂರಿನ ಕಣ್ಣಿನ ವೈದ್ಯರು ಬಿಡಿಸಿ ಹೇಳಿದರು. ಎಕ್ಕದ ಹಾಲು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಮರಗಟ್ಟಿಸುತ್ತದೆ, ಹಾಗಾಗಿಯೇ ನೋವು ಗೊತ್ತಾಗುವುದಿಲ್ಲ. ನೋವಿಲ್ಲದಿದ್ದರೂ ಹಾಲು ಒಳಕ್ಕಿಳಿದು, ಕಾರ್ನಿಯಾದ ನೀರನ್ನು ಹೊರಹಾಕುವ ಹಿಂಬದಿಯ ಕೋಶಗಳನ್ನು ಸುಡುತ್ತದೆ. ಅವು ಸೋತರೆ ಕಾರ್ನಿಯಾ ನೀರು ತುಂಬಿ ಊದಿಕೊಂಡು ಮಂಜಾಗುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಚಿಕ್ಕಪ್ಪನಿಗೆ ಸ್ಟೀರಾಯ್ಡ್ ಹನಿ ಹಾಕಿ, ವಾರಗಳು ಕಳೆದ ಮೇಲೆ ದೃಷ್ಟಿ ತಿಳಿಯಾಯಿತು. ಆದರೆ ತಡವಾಗಿ ಬಂದವರೆಲ್ಲರಿಗೂ ಹೀಗೆ ಆಗುತ್ತದೆಂಬ ಭರವಸೆಯಿಲ್ಲ. ಅದೇ ಹನಿಯನ್ನು ವೈದ್ಯರಿಗೆ ತೋರಿಸದೆ ಅಂಗಡಿಯಿಂದ ತಂದು ಹಾಕಿಕೊಂಡರೆ ಅದು ಇನ್ನೊಂದು ಗಂಡಾಂತರ. ಅಂದಹಾಗೆ, ಮುಳ್ಳನ್ನು ನರ್ಸ್ ಚಿಮಟದಿಂದ ಎರಡೇ ನಿಮಿಷದಲ್ಲಿ ಕಿತ್ತರು.

ಹಾಲು ಸಿಡಿದರೆ ಒರೆಸಬೇಡಿ, ಉಜ್ಜಬೇಡಿ. ನಿಂತಲ್ಲೇ, ರೆಪ್ಪೆ ಅಗಲಿಸಿಕೊಂಡು, ಶುದ್ಧ ನೀರಿನಲ್ಲಿ 15-20 ನಿಮಿಷ ತೊಳೆಯಿರಿ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ಬಿದ್ದದ್ದು ಎಕ್ಕದ ಹಾಲು ಎಂದು ಬಾಯಿಬಿಟ್ಟು ಹೇಳಿ.

"ಆಯುರ್ವೇದದಲ್ಲೇ ಇದೆಯಲ್ಲ" ಎಂದು ವಾದಕ್ಕಿಳಿದವರೂ ಇದ್ದಾರೆ. ಇದೆ, ನಿಜ. ಆದರೆ ಆಯುರ್ವೇದವೇ ಅರ್ಕವನ್ನು, ಅಂದರೆ ಎಕ್ಕವನ್ನು, ಉಪವಿಷಗಳ ಸಾಲಿನಲ್ಲಿ ಕೂರಿಸಿದೆ. 1945ರ ಔಷಧ ನಿಯಮಗಳ ಇ(1) ಅನುಸೂಚಿಯ ವಿಷಪದಾರ್ಥಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಹಾಲನ್ನು ಮಂಡಿಗೆ ನೇರವಾಗಿ ಬಳಿದುಕೊಂಡರೆ ಚರ್ಮ ಬೊಬ್ಬೆ ಏಳುವುದೂ ಉಂಟು.

ಗಣೇಶನ ಹಬ್ಬಕ್ಕೆ ಎಕ್ಕದ ಹೂ ಕೀಳಲು ನಾವು ಕಳಿಸುವುದು ಮಕ್ಕಳನ್ನೇ. ಸೋಪು ಹಚ್ಚಿ ಕೈ ತೊಳೆಯುವ ತನಕ ಕಣ್ಣು ಮುಟ್ಟಬಾರದೆಂದು ಹೇಳಿ ಕಳಿಸಿ.